ನೀವೂ ಅತಿಥಿಯೇ?

ಬನಶಂಕರಿ ಕಡೆಯ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಜರ್ಮನಿಯಿಂದ ನಾಲ್ವರು ಮೇಷ್ಟ್ರುಗಳು ಬರುತ್ತಾರೆ ಅಂತ ಗೊತ್ತಾಯಿತು. ಮೂರೇ ದಿನದಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಬಂತು.

ಅದಕ್ಕಾಗಿ ಎರಡು ವರ್ಷ ಅರ್ಜಿ ಬರೆದವರು ನಾವು, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಅಪ್ಪ-ಅಮ್ಮಂದಿರು. ‘ಗ್ರ್ಯಾಂಟ್ ಬಂದಿಲ್ಲ ಸಾರ್’ ಎಂಬ ಉತ್ತರ ಬಾಯಿಪಾಠವಾಗಿತ್ತು. ಒಂದು ಚಿಲಕಕ್ಕೆ ಎಷ್ಟು ಗ್ರ್ಯಾಂಟ್ ಬೇಕೋ ಇವತ್ತಿಗೂ ತಿಳಿದಿಲ್ಲ. ಎಷ್ಟು ಬಿಳಿ ಚರ್ಮ ಬೇಕು ಅನ್ನುವುದು ತಿಳಿಯಿತು. ನಾಲ್ಕು.

ಸುಣ್ಣವೂ ಬಿತ್ತು. ಗೇಟಿಗೆ ಎದುರಾದ ಗೋಡೆಗೆ ಮಾತ್ರ. ಹಿಂದಿನ ಗೋಡೆಗೆ ಎಲೆ ಅಡಿಕೆಯ ಕೆಂಪೇ ಸಾಕು, ಅಲ್ಲಿಗೆ ವಿದೇಶಿಯರು ಹೋಗುವುದಿಲ್ಲವಲ್ಲ.

ಮಕ್ಕಳನ್ನೂ ಆರಿಸಿದರು. ಇಸ್ತ್ರಿ ಯೂನಿಫಾರ್ಮಿನವರು ಒಂಬತ್ತನೇ ‘ಬಿ’ ಕೊಠಡಿಗೆ. ಉಳಿದವರು ಮೈದಾನಕ್ಕೆ. ಹತ್ತನೇ ತರಗತಿಯ ಆಮ್ಲ-ಪ್ರತ್ಯಾಮ್ಲದ ಪಾಠ ಒಂದು ವಾರ ನಿಂತಿತು, ‘ವೆಲ್‌ಕಮ್ ಟು ಅವರ್ ಸ್ಕೂಲ್’ ನಡೆಯಿತು. ಆ ನಾಲ್ಕು ಪದ ಕಲಿಯುವುದಕ್ಕೆ ಅಷ್ಟು ದಿನ ಬೇಕೆಂದು ತೀರ್ಮಾನಿಸಿದ್ದು ಮಕ್ಕಳಲ್ಲ.

ಆ ದಿನ ಬಂತು. ಮೈಸೂರು ಪೇಟ, ಶಾಲು, ಏಲಕ್ಕಿ ಹಾರ. ಸಾಹೇಬರೊಬ್ಬರು ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಗುರುಕುಲ ಬಂತು, ನಳಂದ ಬಂತು, ಕೊನೆಗೆ ಕಿಟ್ಟೆಲ್ ಬಂದರು. ‘ನಿಮ್ಮ ಕಿಟ್ಟೆಲ್ ನಮ್ಮ ಕನ್ನಡದ ಹೆಮ್ಮೆ’ ಎಂದು ಇಂಗ್ಲಿಷಿನಲ್ಲೇ ಹೇಳಿದರು.

ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ಬಂದರು. ಮತಪ್ರಚಾರಕ್ಕೆ ಬಂದವರೇ, ಮುಚ್ಚಿಡುವುದೇನಿಲ್ಲ. ಆದರೆ ಕನ್ನಡ ಕಲಿತರು, 1894ರಲ್ಲಿ ನಿಘಂಟು ಕೊಟ್ಟರು. ಅವರನ್ನು ಹಾಡಿ ಹೊಗಳಿದ ಸಾಹೇಬರ ಮಗ ಜೆ.ಪಿ. ನಗರದ ‘ಇಂಟರ್‌ನ್ಯಾಷನಲ್’ ಶಾಲೆಯಲ್ಲಿ ಓದುತ್ತಾನೆ. ಅಲ್ಲಿ ಫೀಸು ಬಿಟ್ಟರೆ ಅಂತಾರಾಷ್ಟ್ರೀಯವಾದದ್ದು ನನಗೇನೂ ಕಂಡಿಲ್ಲ. ಹುಡುಗನಿಗೆ ಕನ್ನಡದ ಒತ್ತಕ್ಷರ ಓದಲು ಬಾರದು. ಸಾಹೇಬರು ಇದನ್ನು ನಗುತ್ತಲೇ ಹೇಳಿಕೊಳ್ಳುತ್ತಾರೆ.

ಅಂದು ಕನ್ನಡದಲ್ಲಿ ಮಾತಾಡಿದ ಅತಿಥಿ ಒಬ್ಬರೇ. ಆ ಜರ್ಮನ್ ಟೀಚರಮ್ಮ ಚೀಟಿ ನೋಡಿಕೊಂಡು ‘ನಮಸ್ಕಾರ ಮಕ್ಕಳೇ, ಊಟ ಆಯ್ತಾ?’ ಅಂದರು. ‘ಇಲ್ಲಾ ಮಿಸ್’ ಎಂದು ಇಡೀ ಶಾಲೆ ಕೂಗಿತು. ಭಾಷಣ ಮುಗಿಯದೆ ಬಿಸಿಯೂಟ ಬಡಿಸುವಂತಿರಲಿಲ್ಲ. ಸಾಂಬಾರು ಆಗಲೇ ಕೆನೆಗಟ್ಟಿತ್ತು.

ಆಮೇಲೆ ತರಗತಿ ಭೇಟಿ. ಒಂಬತ್ತನೇ ‘ಬಿ’ಯಲ್ಲಿ ಗಣಿತ ನಡೆಯುತ್ತಿತ್ತು. ಚೆನ್ನಾಗಿಯೇ ನಡೆಯುತ್ತಿತ್ತು. ಒಡೆದ ಕರಿಹಲಗೆಯ ಬಿರುಕನ್ನೇ ಸಂಖ್ಯಾರೇಖೆ ಮಾಡಿಕೊಂಡು ಹುಡುಗಿಯಂಥ ಟೀಚರೊಬ್ಬರು ಪಾಠ ಹೇಳುತ್ತಿದ್ದರು. ಜರ್ಮನ್ನರು ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡರು. ನಿಜವಾಗಿ ಬರೆದುಕೊಂಡರು. ಸಾಹೇಬರು ಮೊಬೈಲ್ ನೋಡಿಕೊಂಡರು.

ಪಾಠ ಮುಗಿಯಿತು. ಹೆಡ್‌ಮಾಸ್ಟರು ಪರಿಚಯಿಸಿದರು: ‘ಶಿ ಈಸ್ ಅವರ್ ಗೆಸ್ಟ್ ಟೀಚರ್.’

ಜರ್ಮನ್ ಟೀಚರಮ್ಮನ ಮುಖ ಅರಳಿತು. ‘ಓ, ನೀವೂ ಅತಿಥಿಯೇ? ಯಾವ ದೇಶದಿಂದ?’

‘ಕಗ್ಗಲೀಪುರ’ ಅಂದರು ಆಕೆ.

ಎಲ್ಲರೂ ನಕ್ಕರು. ಆಕೆ ನಗಲಿಲ್ಲ.

ಸರ್ಕಾರಿ ಕನ್ನಡದಲ್ಲಿ ಖಾಲಿ ಹುದ್ದೆಗೆ ‘ಅತಿಥಿ ಶಿಕ್ಷಕ’ ಎಂದು ಹೆಸರು. ಪ್ರೌಢಶಾಲೆಯ ಈ ಅತಿಥಿಗೆ ತಿಂಗಳಿಗೆ 10,500 ರೂಪಾಯಿ ಗೌರವಧನವಿತ್ತು. 2025ರ ಬಜೆಟ್ಟಿನಲ್ಲಿ 2,000 ಏರಿತು. ಕೊಡುವುದನ್ನು ಸಂಬಳ ಅನ್ನುವಂತಿಲ್ಲ, ಸಂಬಳ ಅಂದರೆ ಹಕ್ಕಾಗುತ್ತದೆ. ಗೌರವ ಅಂದರೆ ತಡವಾದರೂ ನಡೆಯುತ್ತದೆ. ಈಕೆ ನಾಲ್ಕು ವರ್ಷದಿಂದ ಇಲ್ಲಿ ಅತಿಥಿ. ಪ್ರತಿ ಬೇಸಿಗೆಗೆ ಬೀಳ್ಕೊಡುಗೆ, ಪ್ರತಿ ಜೂನಿಗೆ ಮತ್ತೆ ಅರ್ಜಿ. ಶಾಲು, ಪೇಟ ಒಮ್ಮೆಯೂ ಇಲ್ಲ. ಅಂದು ವಿದೇಶಿಯರ ಹಾರ ತರುವುದಕ್ಕೆ ಗಾಂಧಿಬಜಾರಿಗೆ ಬೆಳಗ್ಗೆ ಆರಕ್ಕೇ ಓಡಿದವರೂ ಈಕೆಯೇ. ಆಟೋ ದುಡ್ಡು ಇನ್ನೂ ಬಂದಿಲ್ಲವಂತೆ.

ಜರ್ಮನ್ನರು ಸಂಜೆ ಹೋದರು. ಶಾಮಿಯಾನದವನು ಕುರ್ಚಿ ಎತ್ತಿಕೊಂಡು ಹೋದ.

ಚಿಲಕ ಇದೆ. ಹೊಸತು, ಹಾಳಾದೀತು ಅಂತ ಮರುದಿನವೇ ಶೌಚಾಲಯಕ್ಕೆ ಬೀಗ ಜಡಿದಿದ್ದಾರೆ. ಕೀಲಿ ಆಫೀಸಿನಲ್ಲಿದೆ. ಮುಂದಿನ ಗೆಸ್ಟುಗಳು ಬಂದಾಗ ಬೇಕಾಗುತ್ತಂತೆ.