ಕಾಯಿ ತಪ್ಪಿದ ಗುಂಡಿನ ಮೀಮಾಂಸೆ

ಕೋವಿಯ ಮೇಲೆ ಕೂರುವ ಸ್ಕೋಪಿಗೆ ಎರಡು ತಿರುಪುಗಳು. ನೆತ್ತಿಯ ಮೇಲಿನದು ಗುರಿಯನ್ನು ಮೇಲೆ ಕೆಳಗೆ ಸರಿಸುವುದಕ್ಕೆ, ಪಕ್ಕದ್ದು ಎಡಬಲಕ್ಕೆ. ಗುಂಡನ್ನು ಗುರಿ ಮುಟ್ಟಿಸಲಿಕ್ಕೇ ಇವು ಇರುವುದು ಎಂಬುದು ಪೂರ್ವಪಕ್ಷ. ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿನಲ್ಲಿ ನಡೆಯುವ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಪ್ರಮಾಣವಾಗಿ ಹಿಡಿದರೆ ಈ ವಾದ ನಿಲ್ಲುವುದಿಲ್ಲ. ತಿರುಪುಗಳಿರುವುದು ಕಾಯಿ ತಪ್ಪಿದವನ ಮಾನ ಕಾಯಲಿಕ್ಕೆ.

ಉಪಪತ್ತಿ ಹೀಗೆ. ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ನಿಮಿಷ. 50 ಮೀಟರ್ ದೂರದಲ್ಲಿ ಅದು ಸುಮಾರು 1.45 ಸೆಂ.ಮೀ. ಕಾಲು ನಿಮಿಷಕ್ಕೊಮ್ಮೆ ‘ಟಿಕ್’ ಎನ್ನುತ್ತ ಒಟ್ಟು 60 ನಿಮಿಷ ತಿರುಗುವ ಸ್ಕೋಪೆಂದರೆ 240 ಟಿಕ್ಕು, 87 ಸೆಂ.ಮೀ. ಹತ್ತು ಸೆಂ.ಮೀ. ಅಗಲದ ಸುಲಿದ ಕಾಯಿ ಎಂಟನ್ನು ಸಾಲಾಗಿಟ್ಟರೂ ಮಿಗುವಷ್ಟು. ಪಂದ್ಯದಲ್ಲಿ ಹೊಡೆಯಬೇಕಾದದ್ದು ಒಂದೇ ಕಾಯಿ. ಗಾಳಿ ಗಂಟೆಗೆ 16 ಕಿ.ಮೀ. ವೇಗದಲ್ಲಿ ಅಡ್ಡ ಬೀಸಿದರೂ .22 ಗುಂಡು ಅಷ್ಟು ದೂರಕ್ಕೆ ಪಕ್ಕಕ್ಕೆ ಸರಿಯುವುದು 3 ಸೆಂ.ಮೀ. ಆಸುಪಾಸು. ಕಾಯಿಯನ್ನು ಎತ್ತರದ ಮರಕ್ಕೆ ಕಟ್ಟಿ 45 ಡಿಗ್ರಿ ಮೇಲ್ಮುಖವಾಗಿ ಹೊಡೆಸಿದರೆ, ಸಮನೆಲದಲ್ಲಿ ಗುರಿ ಕೂಡಿಸಿದ ಕೋವಿಯ ಗುಂಡು 3 ಸೆಂ.ಮೀ. ಮೇಲೆ ಹೋದೀತು. ಗಾಳಿಯೂ ಮರವೂ ಸೇರಿ ಸಂಚು ಹೂಡಿದರೂ ಪೈಥಾಗೊರಸ್ ಲೆಕ್ಕದಲ್ಲಿ 4.2 ಸೆಂ.ಮೀ. ಆಯಿತು, ನಡುವಿಗೆ ಗುರಿಯಿಟ್ಟ ಗುಂಡು ಕಾಯಿಯ ಅಂಚನ್ನಾದರೂ ಒಡೆಯಲೇಬೇಕು. ದಿಕ್ಕೊಂದಕ್ಕೆ ಪ್ರಕೃತಿಯ ತಪ್ಪು ಸುಮಾರು ಎರಡು ನಿಮಿಷದ್ದು, ಕಾರ್ಖಾನೆಯವರು ದಯಪಾಲಿಸಿದ್ದು 30. ಉಳಿದ 28 ಯಾರ ಲೆಕ್ಕಕ್ಕೆ?

ಸ್ಕೋಪನ್ನು ಕೋವಿಗೆ ಕೂರಿಸುವ ಮೌಂಟು ವಾರೆಯಿದ್ದರೆ ಸರಿಪಡಿಸಲು ಆ ಉಳಿದ ನಿಮಿಷಗಳು ಬೇಕಲ್ಲವೇ ಎಂದು ಆಕ್ಷೇಪ. ಬೇಕು, ಸಂಶಯವಿಲ್ಲ. ಆದರೆ ‘ಮೌಂಟು ವಾರೆಯಿತ್ತು’ ಎಂಬುದೇ ಒಂದು ನೆಪವಾದ್ದರಿಂದ ಆಕ್ಷೇಪ ತಾನಾಗಿ ನಮ್ಮ ಪಕ್ಷಕ್ಕೆ ಬಂತು. ಸ್ಕೋಪಿನ ಒಳರಚನೆಯೂ ಇದಕ್ಕೆ ಸಾಕ್ಷಿ. ಹೊರಗಿನ ಕೊಳವೆಯೊಳಗೆ ಸಣ್ಣ ಕೊಳವೆಯೊಂದಿದೆ. ತಿರುಪು ಅದನ್ನು ಒತ್ತುತ್ತದೆ, ಎದುರಿನ ಸ್ಪ್ರಿಂಗು ಹಿಂದಕ್ಕೆ ತಳ್ಳುತ್ತದೆ. ಹೊರಕೊಳವೆ ದುಂಡಗಿರುವುದರಿಂದ ಒಳಗಿನದನ್ನು ಪೂರ್ತಿ ಬಲಕ್ಕೆ ಒತ್ತಿದರೆ ಮೇಲೆ ಕೆಳಗೆ ಆಡಲು ಜಾಗ ಉಳಿಯದು. ಗಾಳಿಯನ್ನೇ ಪೂರ್ತಿ ದೂರಿದವನು ಮರದ ಎತ್ತರವನ್ನೂ ದೂರಹೊರಟರೆ ಯಾರೂ ನಂಬದಿರುವುದು ಈ ಜ್ಯಾಮಿತಿಯಿಂದಲೇ. 25.4 ಮಿ.ಮೀ. ಕೊಳವೆಗಿಂತ 30 ಮಿ.ಮೀ.ನದರಲ್ಲಿ ಸಾಮಾನ್ಯವಾಗಿ ಆಡಲು ಜಾಗ ಹೆಚ್ಚು, ಬೆಲೆಯೂ ಹೆಚ್ಚು. ಅನುಕೂಲಸ್ಥರ ನೆಪ ಬಹಳ ಹೊತ್ತು ನಡೆಯುತ್ತದೆ.

ಕೋವಿಯನ್ನು ಪೂಜಿಸುವ ನಾಡಿನ ಗುರಿಕಾರರಿಗೆ ಇದು ಅವಮಾನ, ಕೇಂದ್ರ ಸರ್ಕಾರವೇ 2019ರಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ ಎಂದು ಕೆಲವರು ಸಿಟ್ಟಾಗಬಹುದು. ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಕಾಯಿ ಒಡೆಯುವ ಭರವಸೆ ಅದರಲ್ಲಿಲ್ಲ. ಸ್ಕೋಪೇ ಇಲ್ಲದ ಕಾಲದ ಹಿರಿಯರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿ. ಅವರ ದೂರದೃಷ್ಟಿ ದೊಡ್ಡದು. ಹುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು, ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು, ಎಲ್ಲವನ್ನೂ ಆಕಾಶಕ್ಕೇ ಹಾರಿಸಬೇಕೆಂದು ವಿಧಿಸಿದರು. ಆಕಾಶ ತಪ್ಪಿಸಿದವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅಂಥ ಕೋವಿಗೆ ಬೇಕಾಗುವ ತಿದ್ದುಪಡಿಯ ವ್ಯಾಪ್ತಿ ಮೇಲಕ್ಕೆ ಸೊನ್ನೆ ನಿಮಿಷ, ಪಕ್ಕಕ್ಕೂ ಸೊನ್ನೆ ನಿಮಿಷ.