ಆಳಪ್ರಮೇಯ: ಗಣಿತ ಸಂಶೋಧನ ಪ್ರಬಂಧದ ಆಳವನ್ನು ಅಳೆಯುವ ಕ್ರಮ

ದತ್ತ: ಒಬ್ಬ ಸಂಶೋಧಕ, ಬಿಡುವಿಲ್ಲದ ಒಬ್ಬ ಮಾರ್ಗದರ್ಶಕ, ಬಡ್ತಿಗೆ ಕಡಿಮೆ ಬಿದ್ದಿರುವ ಒಂದು ಪ್ರಬಂಧ.

ಸಾಧನೀಯ: ಗಣಿತ ಪ್ರಬಂಧದ ಆಳವು ಓದುಗ ಅದರಲ್ಲಿ ಮುಳುಗುವ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ.

ರಚನೆ: ಮೂರು ಆಯಾಮದಲ್ಲಿ ಯಾರೋ ಸಾಧಿಸಿದ್ದನ್ನು ಎನ್ ಆಯಾಮಕ್ಕೆ ಎಳೆಯಿರಿ. ಅದೂ ಆಗಿಹೋಗಿದ್ದರೆ ಅನಂತಕ್ಕೆ ಎಳೆಯಿರಿ. ಅಲ್ಲಿ ಜಾಗಕ್ಕೆ ತೊಂದರೆಯಿಲ್ಲ. ಉದಾಹರಣೆ ಮಾತ್ರ ಕೊಡಕೂಡದು. ಒಂಬತ್ತನೇ ಶತಮಾನದಲ್ಲಿ, ನಮ್ಮ ನೃಪತುಂಗನ ಕಾಲದಲ್ಲೇ, ಮಹಾವೀರಾಚಾರ್ಯರು ಈ ವಿಷಯದಲ್ಲಿ ಎಡವಿದರು. ಅವರ ‘ಗಣಿತಸಾರಸಂಗ್ರಹ’ದಲ್ಲಿ ಪ್ರಣಯಕಲಹದ ನಡುವೆ ಮುತ್ತಿನ ಹಾರ ಹರಿಯುತ್ತದೆ, ಯಾವ ಪಾಲು ಎಲ್ಲಿ ಬಿತ್ತೆಂದು ಹೇಳಿ ಒಟ್ಟು ಮುತ್ತೆಷ್ಟೆಂದು ಕೇಳುತ್ತಾರೆ. ಓದುಗ ಜಗಳವನ್ನೂ ಭಿನ್ನರಾಶಿಯನ್ನೂ ಒಟ್ಟಿಗೇ ಅರ್ಥ ಮಾಡಿಕೊಂಡುಬಿಡುತ್ತಾನೆ. ಇದನ್ನು ಸಂಶೋಧನೆ ಎನ್ನಲಾದೀತೆ? ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದೂ ಅವರೇ ಬರೆದರು. ತಪ್ಪು ಇವತ್ತಿಗೂ ಎಲ್ಲರ ಕಣ್ಣಿಗೆ ಬೀಳುತ್ತಿದೆ. ಅಷ್ಟು ತಿಳಿಯಾಗಿ ಬರೆದದ್ದರ ಫಲ!

ಸಾಧನೆ: ವೈಟ್‌ಹೆಡ್ ಮತ್ತು ರಸೆಲ್ ಇಬ್ಬರೂ ಸೇರಿ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ ಬರೆದರು. 1910ರ ಮೊದಲ ಸಂಪುಟದ 379ನೇ ಪುಟದಲ್ಲಿ, ಮುಂದೆ ಕೂಡುವುದು ಎಂದರೇನೆಂದು ತೀರ್ಮಾನವಾದ ಮೇಲೆ ಒಂದೂ ಒಂದೂ ಎರಡಾಗಲಿದೆ ಎಂಬ ಸೂಚನೆ ಸಿಗುತ್ತದೆ. ನಿಜಕ್ಕೂ ಎರಡಾಗುವುದು 1912ರ ಎರಡನೇ ಸಂಪುಟದಲ್ಲಿ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ಅಷ್ಟು ಕಾಯುವುದಿಲ್ಲ, ಆದ್ದರಿಂದಲೇ ಆಕೆಗೆ ಪಿಎಚ್‌.ಡಿ. ಇಲ್ಲ. ಇಬ್ಬರು ಮಹಾಮೇಧಾವಿಗಳಿಗೆ ಒಂದನ್ನೊಂದಕ್ಕೆ ಕೂಡಿಸಲು ಎರಡು ಸಂಪುಟ ಬೇಕಾದರೆ, ನಮ್ಮಂಥವರು ಎಂಬತ್ತು ಪುಟ ಕೇಳುವುದು ವಿನಯವೇ ಸರಿ. ನಡುವೆ ಎಲ್ಲಾದರೂ ದಾರಿ ಸಿಗದಿದ್ದರೆ ಆ ಹಂತವನ್ನು ಓದುಗರ ಅಭ್ಯಾಸಕ್ಕೆ ಬಿಡತಕ್ಕದ್ದು. ಅವರಿಗೂ ಸಿಗದಿದ್ದರೆ ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಪ್ರಮೇಯ ಸಿದ್ಧ.

ಪೂರ್ವಪಕ್ಷ: ಲ್ಯಾಂಡರ್ ಮತ್ತು ಪಾರ್ಕಿನ್ 1966ರಲ್ಲಿ ಎರಡೇ ವಾಕ್ಯಗಳ ಪ್ರಬಂಧ ಪ್ರಕಟಿಸಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಐದನೇ ಘಾತವೊಂದನ್ನು ಪಡೆಯಲು ಕನಿಷ್ಠ ಐದು ಐದನೇ ಘಾತಗಳನ್ನು ಕೂಡಿಸಬೇಕು ಎಂಬುದು ಆಯ್ಲರನ ಊಹೆಯಾಗಿತ್ತು. ಇವರು 27, 84, 110, 133 ಈ ನಾಲ್ಕರ ಐದನೇ ಘಾತಗಳನ್ನು ಕೂಡಿಸಿದರೆ 144ರ ಐದನೇ ಘಾತ ಬರುತ್ತದೆಂದು ತೋರಿಸಿ ಎದ್ದುಹೋದರು. ಊಹೆ ಬಿತ್ತು, ನಿಜ. ಆದರೆ ಪೀಠಿಕೆ ಎಲ್ಲಿ? ಹಿಂದಿನ ಅಧ್ಯಯನಗಳ ಸಮೀಕ್ಷೆ ಎಲ್ಲಿ? ಹೆಂಡತಿಗೆ, ಅತ್ತೆ ಮಾವಂದಿರಿಗೆ ಕೃತಜ್ಞತೆ ಎಲ್ಲಿ?

ಫ್ರಾಂಕ್ ನೆಲ್ಸನ್ ಕೋಲ್ ಇನ್ನೂ ಅಪಾಯಕಾರಿ. 1903ರಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಆತ ಮಾತೇ ಆಡಲಿಲ್ಲವಂತೆ. ಎರಡರ 67ನೇ ಘಾತದಿಂದ ಒಂದನ್ನು ಕಳೆದು ಹಲಗೆಯ ಮೇಲೆ ಬರೆದ, ಪಕ್ಕದಲ್ಲಿ 193707721 ಮತ್ತು 761838257287 ಇವನ್ನು ಗುಣಿಸಿದ, ಎರಡೂ ಒಂದೇ ಆದವು, ಹೋಗಿ ಕುಳಿತ. ಮೆರ್ಸೆನ್ ಅವಿಭಾಜ್ಯವೆಂದು ಪಟ್ಟಿ ಮಾಡಿದ್ದ ಸಂಖ್ಯೆ ಎಲ್ಲರೆದುರು ಒಡೆಯಿತು, ಸಭೆ ಚಪ್ಪಾಳೆ ತಟ್ಟಿತು. ಗುಣಾಕಾರ ಬಲ್ಲ ಯಾವ ಹುಡುಗನಾದರೂ ಇದನ್ನು ತಾಳೆ ನೋಡಬಹುದು ಎಂಬಲ್ಲಿಗೆ ಇದರ ಆಳ ಸೊನ್ನೆಯೆಂದು ಸಿದ್ಧವಾಯಿತು.

ಈ ಪ್ರಮೇಯದಲ್ಲಿ ತಪ್ಪು ಕಂಡವರು ಬರೆದು ತಿಳಿಸಬೇಕಾಗಿ ವಿನಂತಿ. ಆದರೆ ಇದು ತಮಗೆ ಅರ್ಥವಾದದ್ದು ಹೇಗೆಂದು ಮೊದಲು ಲಿಖಿತ ವಿವರಣೆ ಕೊಡತಕ್ಕದ್ದು.