ಆರೂವರೆ ರಾಯರು

ರಾಯರಿಗೆ ತಂದೆ-ತಾಯಿ ಇಟ್ಟ ಹೆಸರು ಬೇರೆ ಇದೆ. ಅದು ಪಾಸ್‌ಪೋರ್ಟಿನಲ್ಲೂ ಮನೆ ತೆರಿಗೆಯ ಬಿಲ್ಲಿನಲ್ಲೂ ಕ್ಷೇಮವಾಗಿದೆ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಕನ್ನಡದ ಮಂದಿಯ ಬಾಯಲ್ಲಿ ಮಾತ್ರ ಅವರು ಆರೂವರೆ ರಾಯರು. ಊರಿಗೆ ಹೊಸದಾಗಿ ಬಂದವರು ಇವರು ಬೆಳಿಗ್ಗೆ ಆರೂವರೆಗೆ ಏಳುವ ಶಿಸ್ತಿನ ಮನುಷ್ಯರಿರಬೇಕು ಅಂದುಕೊಳ್ಳುತ್ತಾರೆ. ಇನ್ನು ಕೆಲವರು, ಆರೂವರೆಯ ಕಾರ್ಯಕ್ರಮಕ್ಕೆ ಆರೂವರೆಗೇ ಬರುವ ಏಕೈಕ ಕನ್ನಡಿಗರು ಇವರೇ ಎಂದು ಕೈಮುಗಿಯುತ್ತಾರೆ. ಎರಡೂ ಅಲ್ಲ. ಆ ಆರೂವರೆ ಅವರ ರಕ್ತದಲ್ಲಿ ಸಿಕ್ಕಿದ್ದು.

ಪ್ರತಿ ಜನವರಿಯಲ್ಲಿ ರಾಯರು ವರ್ಷದ ತಪಾಸಣೆಗೆ ರಕ್ತ ಕೊಡುತ್ತಾರೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಹಿಂದಿನ ರಾತ್ರಿ ಓದಿ ಫಸ್ಟ್ ಕ್ಲಾಸ್ ಹೊಡೆದ ಜೀವ. ಇದಕ್ಕೂ ಅದೇ ಪದ್ಧತಿ. ಪರೀಕ್ಷೆಗೆ ಒಂದು ವಾರ ಮುಂಚೆ ಸಿಹಿ ಬಂದ್, ಕಾಫಿಗೆ ಸಕ್ಕರೆ ಬಂದ್, ಸಾಯಂಕಾಲ ಅರ್ಧ ಗಂಟೆ ನಡಿಗೆ. ಆದರೆ ಎ1ಸಿ ಅನ್ನುವ ಪರೀಕ್ಷೆ ಹಿಂದಿನ ರಾತ್ರಿಯನ್ನು ನೋಡುವುದೇ ಇಲ್ಲ. ನೆತ್ತರಿನ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ; ಅಷ್ಟೂ ದಿನ ಮೈಯೊಳಗೆ ಹರಿದ ಸಕ್ಕರೆ ಅದಕ್ಕೆ ಮೆಲ್ಲಗೆ ಅಂಟುತ್ತಾ ಹೋಗುತ್ತದೆ. ಹಾಗಾಗಿ ದೀಪಾವಳಿಯ ಕಜ್ಜಾಯ, ರಾಜ್ಯೋತ್ಸವದ ಊಟದ ಚಿರೋಟಿ, ಥ್ಯಾಂಕ್ಸ್‌ಗಿವಿಂಗಿನ ಕುಂಬಳಕಾಯಿ ಪೈ, ಆಫೀಸಿನ ಕ್ರಿಸ್‌ಮಸ್ ಕುಕೀಸ್ ಎಲ್ಲವೂ ಸಾಲಾಗಿ ಬಂದು ಸಾಕ್ಷಿ ಹೇಳಿದವು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಆದರೆ ಒಳಮನೆ. ರಾಯರದು 6.5.

ಮ್ಯಾನ್‌ಹಟನ್ನಿನಿಂದ ಮೆಟ್ರೋಪಾರ್ಕಿಗೆ ಬರುವ ಸಾಯಂಕಾಲದ ರೈಲಿನಲ್ಲಿ ಫೋನಿಗೆ ಬಂದ ಈ ಫಲಿತಾಂಶ ನೋಡಿ ರಾಯರು ಮೊದಲು ಮಾಡಿದ ಕೆಲಸವೆಂದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ್ದು. ವೈದ್ಯರಿಗೆ ಸಂದೇಶ ಕಳಿಸಿದರು: ಪಾಯಿಂಟ್ ಒಂದರಲ್ಲಿ ಫೇಲ್ ಮಾಡುವುದು ನ್ಯಾಯವೇ, ಗ್ರೇಸ್ ಮಾರ್ಕ್ಸ್ ಇಲ್ಲವೇ? ವೈದ್ಯರು ನಕ್ಕಿರಬೇಕು. ಮೈಗೆ ಬೇರೆ ಲಕ್ಷಣವಿಲ್ಲದಿದ್ದರೆ ಎರಡನೇ ಸಲ ನೋಡಿಯೇ ಖಚಿತಪಡಿಸುವುದು ವಾಡಿಕೆಯಂತೆ. ನೋಡಿದರು. ಉತ್ತರ ಪತ್ರಿಕೆಯಲ್ಲಿ ಒಂದು ಅಂಕವೂ ಆಚೀಚೆ ಆಗಲಿಲ್ಲ.

ಅಲ್ಲಿಂದ ಮುಂದೆ ಒಂದು ತಿಂಗಳು ಯಾರು ಕೇಳಿದರೂ ರಾಯರದು ಒಂದೇ ಮಾತು. "ಶುಗರ್ ಏನಿಲ್ಲ ಕಣ್ರೀ, ಬಾರ್ಡರ್‌ನಲ್ಲಿದೆ ಅಷ್ಟೇ."

"ಬಾರ್ಡರ್ ಅಂದ್ರೆ ಈ ಕಡೆಯೋ ಆ ಕಡೆಯೋ?"

"ಬೆಳಗಾವಿ ಥರ ಅಂದ್ಕೊಳ್ಳಿ. ಆ ಕಡೆಯವರು ಕ್ಲೇಮ್ ಮಾಡ್ತಿದ್ದಾರೆ. ಆದ್ರೆ ನಮ್ಮದೇ."

ಅವರನ್ನೊಬ್ಬರನ್ನೇ ದೂರಿ ಫಲವಿಲ್ಲ. ಊರೇ ಹಾಗಿದೆ. ಎಡಿಸನ್ನಿನಿಂದ ಐಸೆಲಿನ್‌ವರೆಗೆ ಹರಡಿಕೊಂಡ ಓಕ್ ಟ್ರೀ ರಸ್ತೆಯಲ್ಲಿ ಕಾರಿನ ಗಾಜು ಇಳಿಸಿದರೆ ಸಾಕು, ಜಿಲೇಬಿಯ ಪಾಕದ ವಾಸನೆ ಸೀಟ್ ಬೆಲ್ಟ್ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತದೆ. ರೋಗಕ್ಕೆ ಇಷ್ಟು ಅನುಕೂಲ ಮಾಡಿಕೊಟ್ಟ ರಾಜ್ಯ ಮದ್ದಿಗೂ ಕೊರತೆ ಮಾಡಿಲ್ಲ. ಇನ್ಸುಲಿನ್ ಮಾರುವ ನೊವೊ ನಾರ್ಡಿಸ್ಕ್‌ನ ಅಮೆರಿಕದ ಮುಖ್ಯ ಕಚೇರಿ ಪ್ಲೇನ್ಸ್‌ಬರೊದಲ್ಲಿದೆ. 2006ರಲ್ಲಿ ಸಿಟಾಗ್ಲಿಪ್ಟಿನ್ ಮಾತ್ರೆಗೆ ಒಪ್ಪಿಗೆ ಪಡೆದ ಮರ್ಕ್ ಕಂಪನಿ ರಾವೆಯಲ್ಲಿದೆ. 1924ರಲ್ಲೇ ಇನ್ಸುಲಿನ್ನಿಗೆಂದು ಪ್ರತ್ಯೇಕ ಸಿರಿಂಜು ಮಾಡಿದ ಬೆಕ್ಟನ್ ಡಿಕಿನ್ಸನ್‌ನವರೂ ಇದೇ ರಾಜ್ಯದವರು. ಜಾಮೂನಿನಿಂದ ಸಿರಿಂಜಿನವರೆಗೆ ಎಲ್ಲ ಸ್ವದೇಶಿ. ನಡುವೆ ಟರ್ನ್‌ಪೈಕಿನ ಟೋಲ್ ಒಂದು ಕಟ್ಟಬೇಕು, ಅಷ್ಟೇ.

ಇದೆಲ್ಲಕ್ಕಿಂತ ರಾಯರಿಗೆ ಸಮಾಧಾನ ಕೊಟ್ಟ ಸಂಶೋಧನೆ ಇನ್ನೊಂದು. ಹೊರಗೆ ಹಿಮ ಬಿದ್ದಿರುವಾಗ ಮೆನ್ಲೊ ಪಾರ್ಕ್ ಮಾಲಿನೊಳಗೆ ಸುತ್ತು ಹೊಡೆಯುವ ನಮ್ಮ ವಾಕಿಂಗ್ ಪಟಾಲಮ್ಮಿನಲ್ಲಿ ಒಂದು ಬೆಳಿಗ್ಗೆ ಅವರು ಏದುಸಿರು ಬಿಡುತ್ತಾ ಘೋಷಿಸಿದರು. "ಸ್ವಾಮೀ, ಥಾಮಸ್ ಎಡಿಸನ್‌ಗೂ ಇತ್ತು!" ನಿಜವೇ. ಇದೇ ಮೆನ್ಲೊ ಪಾರ್ಕಿನಲ್ಲಿ ಬಲ್ಬು ಉರಿಸಿದ ಎಡಿಸನ್ 1931ರಲ್ಲಿ ವೆಸ್ಟ್ ಆರೆಂಜ್‌ನ ತನ್ನ ಮನೆಯಲ್ಲಿ ತೀರಿಕೊಂಡದ್ದು ಮಧುಮೇಹದ ತೊಡಕುಗಳಿಂದ. ರ್‍ಯಾರಿಟನ್ ಅಂತಿದ್ದ ಈ ಊರಿಗೆ 1954ರಲ್ಲಿ ಅವನ ಹೆಸರು ಇಟ್ಟರು. "ಅಂದ್ರೆ ಊರಿನ ಹೆಸರಲ್ಲೇ ಶುಗರ್ ಇದೆ. ನಂದೇನು ತಪ್ಪು?" ಎಂದು ರಾಯರು ಎಡಿಸನ್ ತಮ್ಮ ಸೋದರಮಾವನೇನೋ ಎಂಬಂತೆ ಎದೆಯುಬ್ಬಿಸಿ ಇನ್ನೊಂದು ಸುತ್ತು ಹೊರಟರು.

ಅವರ ಕೊನೆಯ ವಾದ, ತಾವು ತೆಳ್ಳಗಿದ್ದೇವೆ ಎನ್ನುವುದು. ಅದೂ ನಿಲ್ಲಲಿಲ್ಲ. ಅಮೆರಿಕದಲ್ಲಿರುವ ನಮ್ಮ ಕಡೆಯವರ ಹೃದಯದ ಕಥೆ ಹುಡುಕಲು 2010ರಲ್ಲಿ ಶಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅದರ ಹೆಸರೇ 'ಮಸಾಲಾ'. ಹೆಸರಿಗೆ ತಕ್ಕಂತೆ ಅದರಿಂದ ತಿಳಿದದ್ದು, ನಾವೆಲ್ಲ ಬೆಣ್ಣೆ ಮಸಾಲೆಯಿದ್ದ ಹಾಗೆ. ನೋಡಲು ತೆಳು, ಜಿಡ್ಡೆಲ್ಲ ಒಳಗೆ. ಅದಕ್ಕೇ ಇಲ್ಲಿನ ವೈದ್ಯರು ಏಷ್ಯಾದವರಿಗೆ ತೂಕದ ಅಳತೆಯಾದ ಬಿಎಂಐಗೆ ಎಚ್ಚರಿಕೆಯ ಗೆರೆಯನ್ನು ಇಪ್ಪತ್ತೈದರ ಬದಲು 23ಕ್ಕೇ ಎಳೆಯುತ್ತಾರೆ.

ಮಾತ್ರೆಗೂ ರಾಯರು ಮೊದಮೊದಲು ಬಗ್ಗಲಿಲ್ಲ. "ಇಂಗ್ಲಿಷ್ ಮೆಡಿಸಿನ್ ಒಂದ್ಸಲ ಹಿಡಿದ್ರೆ ಬಿಡೋದೇ ಇಲ್ಲ ಕಣ್ರೀ, ನಂಗೆ ನಾಟಿ ಏನಾದ್ರೂ ಬೇಕು." ಮೆಟ್‌ಫಾರ್ಮಿನ್ನಿನ ಮೂಲವೇ ಯೂರೋಪಿನ ಹೊಲಗಳಲ್ಲಿ ಬೆಳೆಯುವ ಒಂದು ಗಿಡ, ಅಲ್ಲಿಯ ಹಳ್ಳಿವೈದ್ಯರು ಹಿಂದೆ ಅದನ್ನೇ ಕೊಡುತ್ತಿದ್ದರು ಎಂದು ಮಗಳು ಓದಿ ಹೇಳಿದ ಮೇಲೆ ಒಪ್ಪಿದರು. ಮೊದಲ ಎರಡು ವಾರ ಹೊಟ್ಟೆ ಆಷಾಢದ ಗುಡುಗು. ಎಡಿಸನ್ನಿನಿಂದ ಮ್ಯಾನ್‌ಹಟನ್‌ವರೆಗೆ ಯಾವ ಕಟ್ಟಡದ ಯಾವ ಮಹಡಿಯಲ್ಲಿ ಶೌಚಾಲಯ ಇದೆ ಎಂಬುದು ಈಗ ಅವರಿಗೆ ಕಂಠಪಾಠ.

ಆಮೇಲೆ ಬಂತು ಸೆನ್ಸರು. ಇನ್ಸುಲಿನ್ ಬೇಡದ ದೊಡ್ಡವರು ವೈದ್ಯರ ಚೀಟಿ ಇಲ್ಲದೆಯೇ ಇಂಥದ್ದನ್ನು ಕೊಳ್ಳಬಹುದು ಎಂದಾದದ್ದು 2024ರಲ್ಲಿ. ತೋಳಿನ ಹಿಂಬದಿಗೆ ಹಳೆಯ ನಾಲ್ಕಾಣೆ ಬಿಲ್ಲೆಯಷ್ಟು ದೊಡ್ಡದನ್ನು ಅಂಟಿಸಿಕೊಂಡರೆ ಹದಿನೈದು ದಿನ ಹಗಲೂ ರಾತ್ರಿ ಸಕ್ಕರೆಯ ಏರಿಳಿತ ಫೋನಿನಲ್ಲಿ ಗೆರೆಯಾಗಿ ಹರಿಯುತ್ತದೆ. ವರ್ಷಕ್ಕೊಮ್ಮೆ ಬರುತ್ತಿದ್ದ ಪರೀಕ್ಷೆ ಈಗ ಕೆಲವೇ ನಿಮಿಷಕ್ಕೊಮ್ಮೆ! ರ‍್ಯಾಂಕ್ ವಿದ್ಯಾರ್ಥಿಗೆ ಇದಕ್ಕಿಂತ ಸ್ವರ್ಗ ಬೇಕೆ? ಷೇರುಪೇಟೆ ನೋಡುತ್ತಿದ್ದ ಕಣ್ಣು ಆ ಕಡೆ ಹೊರಳಿತು. ಇಲ್ಲಿ ಗೆರೆ ಬಿದ್ದರೆ ಲಾಭ, ಎದ್ದರೆ ನಷ್ಟ; ಅಷ್ಟೇ ವ್ಯತ್ಯಾಸ.

ಸೆನ್ಸರು ಬಂದ ವಾರವೇ ಮನೆಯಲ್ಲೊಂದು ಮೊಕದ್ದಮೆ ನಡೆಯಿತು. ಕನಕದಾಸರ 'ರಾಮಧಾನ್ಯ ಚರಿತ್ರೆ'ಯಲ್ಲಿ ಅಕ್ಕಿಗೂ ರಾಗಿಗೂ ಯಾರು ಮೇಲು ಎಂದು ಜಗಳ ಹತ್ತಿ, ರಾಮ ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಅಕ್ಕಿ ಹಾಳಾಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ತೀರ್ಪು ರಾಗಿಯ ಪರ, ಮೇಲೆ ರಾಘವನ ಹೆಸರೂ ಅದಕ್ಕೆ. ರಾಯರು ಹುಟ್ಟಾ ಅನ್ನದವರು. ಕಾಯಿಲೆ ಬಂದ ಮೇಲೆ ರಾಗಿ ಪಕ್ಷಕ್ಕೆ ಹಾರಿದವರು. ಪಕ್ಷಾಂತರಿಗಳ ನಿಷ್ಠೆ ಗೊತ್ತಲ್ಲ, ಮೂಲನಿವಾಸಿಗಳಿಗಿಂತ ಒಂದು ತೂಕ ಜಾಸ್ತಿ. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ನಮ್ಮ ಮನೆಗೆ ದಾನ ಬಂತು. "ರಾಗಿ ತಿಂದವ ನಿರೋಗಿ" ಎಂದು ಮಗಳ ಕೈಯಲ್ಲಿ ಬರೆಸಿ ಫ್ರಿಜ್ಜಿಗೆ ಅಂಟಿಸಿದರು.

ವಿಚಾರಣೆ ಸಾಂಗವಾಗಿ ನಡೆಯಿತು. ಸೋಮವಾರ ಅನ್ನ-ಸಾರು: ಗೆರೆ 180ರ ಹತ್ತಿರ ಹೋಗಿ ಇಳಿಯಿತು. ಮಂಗಳವಾರ ರಾಗಿಮುದ್ದೆ, ಬಸ್ಸಾರು: ಗೆರೆ 180 ದಾಟಿತು, ನಿಲ್ಲಲಿಲ್ಲ, 200 ದಾಟಿತು. ರಾಯರು ಫೋನ್ ಕುಟ್ಟಿದರು, ತೋಳು ಕೊಡವಿದರು. ರಾತ್ರಿ ಒಂಬತ್ತೂವರೆಗೆ ನನಗೆ ಕರೆ ಬಂತು. "ಸ್ವಾಮೀ, ರಾಗಿ ಮೋಸ ಮಾಡಿಬಿಡ್ತು!" ದನಿಯಲ್ಲಿ ಕಣ್ಣೀರಿತ್ತು. ಹಿಂದಿನಿಂದ ಅವರ ಮನೆಯವರ ಮಾತು ಸ್ಪಷ್ಟವಾಗಿ ಕೇಳಿತು. "ಮೋಸ ಮಾಡಿದ್ದು ರಾಗಿ ಅಲ್ಲ. ಅನ್ನ ಶತ್ರು ಅಂತ ಅಳೆದು ಒಂದು ಸೌಟು ತಿಂದ್ರಿ. ಮುದ್ದೆ ಔಷಧಿ ಅಂತ ತೆಂಗಿನಕಾಯಿ ಗಾತ್ರದ್ದು ಎರಡು ನುಂಗಿದ್ರಿ."

ಆಕೆ ಕಂಡುಕೊಂಡದ್ದು ಒಳ್ಳೆಯ ಸತ್ಯ, ಇಲ್ಲಿ ನಾನೇ ತೀರ್ಪು ಕೊಡುತ್ತೇನೆ. ರಾಗಿಯಲ್ಲಿ ನಾರಿದೆ, ಸುಣ್ಣದಂಶ ಇದೆ, ಆದರೆ ಪಿಷ್ಟವೂ ಹೆಚ್ಚುಕಡಿಮೆ ಅಕ್ಕಿಯಷ್ಟೇ ಇದೆ. ನುಣ್ಣಗೆ ಬೀಸಿ, ಬೇಯಿಸಿ, ಅಗಿಯದೆ ನುಂಗಿದರೆ ಬೇಗನೆ ಸಕ್ಕರೆಯಾಗುತ್ತದೆ. ಹೊಸ ಮಧುಮೇಹಿಯನ್ನು ಕೆಡಿಸುವುದು ಸಕ್ಕರೆಯಲ್ಲ. ಸಕ್ಕರೆಗೆ ಅವನು ಹೆದರುತ್ತಾನೆ. 'ಶುಗರಿಗೆ ಒಳ್ಳೇದು' ಎಂಬ ಎರಡು ಮಾತು ಅವನನ್ನು ಕೆಡಿಸುತ್ತದೆ. ಬೆಲ್ಲ ಒಳ್ಳೇದಂತೆ ಎಂದು ಸಕ್ಕರೆಗಿಂತ ಎರಡು ಚಮಚ ಹೆಚ್ಚು. ಬಣ್ಣ ಬೇರೆ, ಕುಲ ಒಂದೇ. ಜೇನು ಒಳ್ಳೇದಂತೆ. ನವಣೆ ಒಳ್ಳೇದಂತೆ ಎಂದು ನವಣೆ ಬಿಸಿಬೇಳೆಬಾತ್ ಮೂರು ಸಲ ಹಾಕಿಸಿಕೊಂಡು ಮೇಲೆ ಬೂಂದಿ.

ಕಥೆಯಲ್ಲಿ ಇನ್ನೊಬ್ಬ ಕಳ್ಳನಿದ್ದಾನೆ. ಬೆಳಗಿನ ಜಾವ ನಾಲ್ಕರಿಂದ ಏಳರ ನಡುವೆ, ಏನೂ ತಿನ್ನದಿದ್ದರೂ, ರಾಯರ ಗೆರೆ ಮೆಲ್ಲಗೆ ಮೇಲೇರುತ್ತಿತ್ತು. ಮನೆಯವರಿಗೆ ಗುಮಾನಿ. ಮೈಸೂರು ಪಾಕಿನ ಡಬ್ಬಿಯನ್ನು ಲಾಂಡ್ರಿ ಕೋಣೆಗೆ ಸಾಗಿಸಿದರು. ಆದರೂ ಏರಿತು. ಕೊನೆಗೆ ವೈದ್ಯರು, ಏಳುವ ಹೊತ್ತಿಗೆ ಮೈಗೆ ಶಕ್ತಿ ಬೇಕೆಂದು ಲಿವರು ತಾನೇ ಸಕ್ಕರೆ ಬಿಡುತ್ತದೆ, ಇದು ಹಲವರಲ್ಲಿ ಉಂಟು ಎಂದು ರಾಯರನ್ನು ನಿರ್ದೋಷಿ ಮಾಡಿದರು. "ನೋಡಿದ್ಯಾ, ಸುಪ್ರಭಾತ ಹಾಡೋದು ನನ್ನ ಲಿವರು" ಅಂದರು ರಾಯರು. ಡಬ್ಬಿ ಮಾತ್ರ ಲಾಂಡ್ರಿ ಕೋಣೆಯಿಂದ ಹಿಂದೆ ಬರಲಿಲ್ಲ.

ಅಷ್ಟು ಹೊತ್ತಿಗೆ ರಾಯರು ವಿದ್ಯಾರ್ಥಿಯಿಂದ ಮೇಷ್ಟರಾಗಿದ್ದರು. ಈ ಜಾತಿಯಲ್ಲಿ ಬಡ್ತಿಗೆ ಮೂರು ತಿಂಗಳು ಸಾಕು. ಬ್ರಿಡ್ಜ್‌ವಾಟರಿನ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನ ಸಾಲಿನಲ್ಲಿ ಪೊಂಗಲ್ ಕೇಳಿದವರ ಹಿಂದೆ ನಿಂತು "ಮೊದಲು ತರಕಾರಿ, ಆಮೇಲೆ ಪಿಷ್ಟ" ಎಂದು ಉಪದೇಶ. ಅದಕ್ಕೆ ಆಧಾರವೂ ಇತ್ತು: ನ್ಯೂಯಾರ್ಕಿನ ವೈದ್ಯಕೀಯ ಕಾಲೇಜು ವೈಲ್ ಕಾರ್ನೆಲ್‌ನವರು 2015ರಲ್ಲಿ ಹನ್ನೊಂದು ಮಂದಿಗೆ ಒಂದು ದಿನ ಬ್ರೆಡ್ಡು, ಕಿತ್ತಳೆ ರಸ ಮೊದಲು ಕೊಟ್ಟರು. ಇನ್ನೊಂದು ದಿನ ಕೋಳಿ, ತರಕಾರಿ ಮೊದಲು ಕೊಟ್ಟರು. ತರಕಾರಿ ಮೊದಲಾದ ದಿನ ಸಕ್ಕರೆ ಕಡಿಮೆ ಏರಿತು. "ನಮ್ಮ ಅಜ್ಜಿ ಎಲೆಗೆ ಕೋಸಂಬರಿ, ಪಲ್ಯ ಮೊದಲು ಬಡಿಸ್ತಿದ್ದಳು, ಇವರಿಗೆ ಈಗ ಗೊತ್ತಾಯ್ತು!" ಎಂದು ರಾಯರು ಗರ್ಜಿಸಿದರು. ಅದೇ ಅಜ್ಜಿ ಕೋಸಂಬರಿಗೂ ಮುಂಚೆ ಎಲೆಯ ತುದಿಗೆ ಪಾಯಸ ಬಡಿಸುತ್ತಿದ್ದಳು ಎನ್ನುವುದನ್ನು ನಾನು ನೆನಪಿಸಲಿಲ್ಲ. ಹಿಂದೆ ಸಾಲು ಉದ್ದವಿತ್ತು.

ಮೇ ತಿಂಗಳಲ್ಲಿ ಮೈಸೂರಿನಿಂದ ರಾಯರ ತಾಯಿ ಬಂದರು. ಎಂಬತ್ತು ದಾಟಿದ ಜೀವ. ಶುಗರು ಬಂದು ಇಪ್ಪತ್ತೇಳು ವರ್ಷ. ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟು, ಹುರಿಗಾಳು, ಒಂದು ಗ್ಲೂಕೋಮೀಟರು, ಮತ್ತು ತಿಥಿ-ನಕ್ಷತ್ರ ಹಾಕಿದ ಗೋಡೆ ಕ್ಯಾಲೆಂಡರು. ಬೆಳಿಗ್ಗೆ ಎದ್ದು ಬೆರಳು ಚುಚ್ಚಿ, ಬಂದ ಸಂಖ್ಯೆಯನ್ನು ಆಯಾ ದಿನದ ಚೌಕದಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಾರೆ. ಮೈಸೂರಿನಲ್ಲಿ ಅದೇ ಚೌಕದಲ್ಲಿ ಹಾಲಿನ ಲೆಕ್ಕವೂ ಇರುತ್ತಿತ್ತು. ಇಲ್ಲಿ ಹಾಲು ಗ್ಯಾಲನ್ನಿನಲ್ಲಿ ಬರುವುದರಿಂದ ಜಾಗ ಉಳಿದಿದೆ.

ಮಗ ತೋಳು ತಿರುಗಿಸಿ ಸೆನ್ಸರು ತೋರಿಸಿ ಎ1ಸಿ, ಕಾರ್ಬು, ಟಾರ್ಗೆಟ್ ರೇಂಜು ಎಂದು ಅರ್ಧ ಗಂಟೆ ವಿವರಿಸಿದ. ಅಮ್ಮ ಪೂರ್ತಿ ಕೇಳಿ, "ಹೊಸದಾಗಿ ಬಂದಾಗ ಹೀಗೇ ಆಗತ್ತೆ" ಅಂದರು.

ಜೂನ್‌ನಲ್ಲಿ ಮೊಮ್ಮಗಳ ಹೈಸ್ಕೂಲ್ ಗ್ರ್ಯಾಜುಯೇಷನ್. ಅಜ್ಜಿಯ ಕೈಯ ಹೋಳಿಗೆ. ನಾನೂ ಇದ್ದೆ, ಹಾಗಾಗಿ ಇದು ಕಣ್ಣಾರೆ ಕಂಡ ಸಂಗತಿ. ಅಮ್ಮ ಒಂದು ಹೋಳಿಗೆ ತೆಗೆದು ಅರ್ಧ ಮಾಡಿ, ಅರ್ಧವನ್ನು ನನ್ನ ತಟ್ಟೆಗೆ ದಾಟಿಸಿ, ಉಳಿದದ್ದಕ್ಕೆ ತುಪ್ಪ ಹಾಕಿಕೊಂಡು ಕಣ್ಣು ಮುಚ್ಚಿ ತಿಂದರು. "ಇವತ್ತು ಅನ್ನ ನಂಗೆ ಬೇಡಮ್ಮ" ಎಂದು ಸೊಸೆಗೆ ಹೇಳಿ ಬಟ್ಟಲು ತುಂಬ ಪಲ್ಯ, ಮಜ್ಜಿಗೆ ಮುಗಿಸಿ, ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡು ಡ್ರೈವ್‌ವೇಯಲ್ಲಿ ಕಾಲು ಗಂಟೆ ಹಿಂದಕ್ಕೂ ಮುಂದಕ್ಕೂ ನಡೆದರು. ರಾಯರು ಹೋಳಿಗೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದರು, ಫೋನಿನಲ್ಲಿ ಲೆಕ್ಕ ಹಾಕಿದರು, ನಿಟ್ಟುಸಿರು ಬಿಟ್ಟು ವಾಪಸ್ ಇಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಹತ್ತು ನಿಮಿಷದ ಮೇಲೆ ನೀರು ಕುಡಿಯಲು ಹೋದಾಗ ಪ್ಯಾಂಟ್ರಿಯ ಬಾಗಿಲ ಮರೆಯಲ್ಲಿ ಅವರು 'ಶುಗರ್‌ ಫ್ರೀ' ಎಂದು ಬರೆದ ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಂತಿದ್ದರು. ಐದು ಮುಗಿದಿತ್ತು. "ಇದು ಶುಗರಿಗೆ ಒಳ್ಳೇದು" ಅಂದರು ಬಾಯ್ತುಂಬ ಮೈದಾ ಇಟ್ಟುಕೊಂಡು.

ಎರಡು ಗಂಟೆಯ ಮೇಲೆ ಅಮ್ಮ ಬೆರಳು ಚುಚ್ಚಿಕೊಂಡರು: 152. ಚೌಕದಲ್ಲಿ ಬರೆದರು. ಪೆನ್ಸಿಲ್ ಕೆಳಗಿಡದೆ ಮಗನ ಕಡೆ ನೋಡಿದರು. "ನಿಂದೆಷ್ಟು ಬಂತೋ?"

ರಾಯರು ಫೋನ್ ನೋಡಿ ಗೋಡೆ ನೋಡಿದರು. "ಇನ್ನೂರ ಹದಿನಾಲ್ಕು."

ಅಮ್ಮ ಏನೂ ಅನ್ನಲಿಲ್ಲ. ತಮ್ಮ ಸಂಖ್ಯೆಯ ಕೆಳಗೆ, ಹಾಲಿನ ಲೆಕ್ಕ ಇರಬೇಕಾದ ಜಾಗದಲ್ಲಿ, ದುಂಡಗೆ ಬರೆದರು.

"ಅಮ್ಮಾ, ಎಲ್ಲಾ ಫೋನಲ್ಲಿ ತಾನಾಗೇ ಉಳಿದಿರತ್ತೆ. ಬರೆಯೋದು ಯಾಕೆ?"

"ಇರ್ಲಿ ಬಿಡೋ. ಹಾಲಿನವನೂ ಲೆಕ್ಕ ಇಟ್ಟಿರ್ತಿದ್ದ."